ಹನ್ನೊಂದು ತೆಂಗಿನ ಒಡತಿಗೆ

ಲೆವೊಕೆಬಾ, 14 ಏಪ್ರಿಲ್ 1996

ಲೆವೊಕೆಬಾ ಗ್ರಾಮದ ಸಮಸ್ತ ಮಹಾಜನರೇ, ಕುಲದ ಹಿರಿಯರೇ, ಮೊದಲ ಸಾಲಿನಲ್ಲಿ ಕೂತು ತೂಕಡಿಸುತ್ತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ನಿಂತೇ ಮೆಲುಕು ಹಾಕುತ್ತಿರುವ ಎರಡು ಆಡುಗಳೇ, ಹಾಗೂ ಈ ಸಭೆಗೆ ಒಂಬತ್ತು ವರ್ಷಗಳಿಂದ ಸತತವಾಗಿ ಗೈರುಹಾಜರಾಗಿರುವ, ಹನ್ನೊಂದು ತೆಂಗಿನ ಮರಗಳ ಒಡತಿಯಾದ ಕುಮಾರಿ ಕೆವಾ ಅವರೇ,

ನಿಮ್ಮ ಅಣ್ಣ ಸುಬಾನ್, ಗ್ರಾಮದ ಗುಮಾಸ್ತ, ವಯಸ್ಸು ನಲವತ್ತಾರು, ಹಲ್ಲು ಇಪ್ಪತ್ತೇಳು, ಈ ಸಾಲಿನ ವರದಿಯನ್ನು ಮಂಡಿಸುತ್ತಿದ್ದಾನೆ. ಚಪ್ಪಾಳೆ ಕೊನೆಯಲ್ಲಿ.

ಊರಲ್ಲಿ ಮನೆ ಮೂವತ್ತನಾಲ್ಕು, ಹೊಗೆ ಏಳುವುದು ಒಂಬತ್ತರಲ್ಲಿ. ಉಳಿದವರೆಲ್ಲ ನಿನ್ನ ಹಾಗೆ ಕಡಲಾಚೆ, ಮಲೇಶಿಯಾದ ತಾಳೆಎಣ್ಣೆ ತೋಟಗಳಲ್ಲಿ. ಶುಭ ಶುಕ್ರವಾರ ಶಿಲುಬೆ ಹೊರಲು ನಾಲ್ವರಿದ್ದೆವು, ಹಿಂದೆ ನಡೆಯಲು ಮೂವರು. ಅವರಲ್ಲಿ ನಮ್ಮ ಕುಲದ ಹಿರಿಯಜ್ಜ ಆಮಾ ಲಾಗಾ ಒಬ್ಬರು. ಅವರಿಗೀಗ ಕಿವಿ ಪೂರ್ತಿ ಹೋಗಿದೆ. ನಾವು ಪ್ರಾರ್ಥನೆಗೆ ನಿಂತರೂ ಅವರು ನಿಲ್ಲದೆ ನಡೆಯುತ್ತ ಹೋಗಿ, ಏಸುವಿಗಿಂತ ಮೊದಲೇ ಗುಡ್ಡ ಹತ್ತಿ ಕೂತಿದ್ದರು.

ಈಸ್ಟರ್ ಸಂಜೆ ಕುಣಿತಕ್ಕೆ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ ನಿಂತೆವು. ಮೂವರು ನಿಂತರೆ ಅದು ಸುತ್ತಿನ ಕುಣಿತವಾಗುವುದಿಲ್ಲ ತಂಗಿ, ತ್ರಿಕೋನವಾಗುತ್ತದೆ. ನಾನೊಂದು ಪದ ಎತ್ತಿದೆ. ಎದುರು ಪದ ಹೇಳುವವರೇ ಇಲ್ಲ. ಆ ಕಡೆಗೆ ಹೋಗಿ ನಿಂತು ಉತ್ತರವನ್ನೂ ನಾನೇ ಹೇಳಿ ಬಂದೆ.

ಈಗ ಮುಖ್ಯ ವಿಷಯ. ನಮ್ಮ ಕಡಲಂಚಿನ ನೆಲಕ್ಕೆ ಗಿರಾಕಿ ಬಂದಿದ್ದಾರೆ! ಸುರಬಾಯಾ ಕಡೆಯ ಕಂಪನಿ, ಮುತ್ತಿನ ಚಿಪ್ಪು ಸಾಕುವವರು. ದಡದಲ್ಲಿ ಅವರಿಗೆ ಕೊಟ್ಟಿಗೆ ಕಟ್ಟಬೇಕಂತೆ, ದೋಣಿಕಟ್ಟೆ ಹಾಕಬೇಕಂತೆ. ಬಿಳೀ ಬೂಟಿನವನೊಬ್ಬ ಬಂದು ಅಳತೆಪಟ್ಟಿ ಹಿಡಿದು ಓಡಾಡಿದ.

"ಈ ಜಾಗ ಯಾರ್ದು?"

"ನಂದು."

"ಈ ಮರಗಳು?"

"ನನ್ನ ತಂಗೀದು."

"ಅದ್ಹೆಂಗ್ರೀ? ಮರ ನಿಂತಿರೋದು ನಿಮ್ಮ ನೆಲದಲ್ಲೇ ಅಲ್ವಾ?"

"ನೀವು ನಿಂತಿರೋದೂ ನನ್ನ ನೆಲದಲ್ಲೇ ಸ್ವಾಮಿ. ಹಂಗಂತ ನೀವು ನನ್ನೋರಾಗ್ಬಿಟ್ರಾ?"

ಅವನ ಕಾಗದದಲ್ಲಿ 'ನೆಲ ಮತ್ತು ಅದರ ಮೇಲಿರುವುದೆಲ್ಲ' ಎಂದು ಒಂದೇ ಒಂದು ಸಾಲು ಇದೆ. ಅಪ್ಪ ನೆಲವನ್ನು ನನಗೆ ಬಿಟ್ಟು, ಮರಗಳನ್ನು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ನಿನಗೆ ಬಿಟ್ಟದ್ದು ಆ ಸಾಲಿಗೆ ಗೊತ್ತಿಲ್ಲ. "ತಂಗಿ ಹತ್ರ ಬರೆಸ್ಕೊಂಡು ಇಟ್ಕೊಳಿ, ಆಮೇಲೆ ಮಾತಾಡೋಣ" ಅಂದು ಹೋದ.

ಮಾರಿದರೆ ಸೂರಿಗೆ ತಗಡು ಹಾಕಿಸಬಹುದು. ಹುಲ್ಲು ಹೊದಿಸಲು ಎಂಟು ಆಳು ಬೇಕು, ಎಂಟು ಆಳು ಈಗ ಇಡೀ ಊರಲ್ಲಿಲ್ಲ. ಏನು ಹೇಳುತ್ತೀಯ?

ತಂಗಿ ದೂರದ ತವಾವಿನಲ್ಲಿ,
ಅಣ್ಣ ಅಪ್ಪನ ಠಾವಿನಲ್ಲಿ,
ತೆಂಗು ಕೇಳ್ತಿವೆ ಗಾಳಿಯಲ್ಲಿ:
ನಾವು ಯಾರ ಪಾಳಿಯಲ್ಲಿ?

ನಮ್ಮೂರಿನ ಬಾಲಾ ನಿನ್ನ ಕಡೆಗೆ ಹಡಗು ಹತ್ತುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಜೋಳದವಲಕ್ಕಿಯನ್ನೂ ಕಳಿಸಿದ್ದೇನೆ. ಜೋಳ ಹುರಿದು ಒಂದೊಂದೇ ಕಾಳು ಕಲ್ಲಿನಿಂದ ಕುಟ್ಟಿದ್ದು ನಾನೇ, ಆದ್ದರಿಂದ ಕೆಲವು ಕಾಳಿನಲ್ಲಿ ಹೆಬ್ಬೆರಳಿನ ರುಚಿ ಬಂದರೆ ಕ್ಷಮಿಸು.

ಸುಬಾನ್

*

ತವಾವು, 2 ಜೂನ್ 1996

ಅಣ್ಣ,

ನಿನ್ನ ಭಾಷಣ ಮುಗಿಯುವ ಹೊತ್ತಿಗೆ ಇಲ್ಲಿ ಅವಲಕ್ಕಿ ಡಬ್ಬಿಯೂ ಮುಗಿಯಿತು. ಮುಂದಿನ ಸಲ ವಿಷಯ ಮೊದಲು ಬರೆ, ಆಡುಗಳಿಗೆ ಆಮೇಲೆ ನಮಸ್ಕಾರ ಹೇಳು.

ಇದರಲ್ಲಿ ಯೋಚನೆ ಮಾಡುವುದೇನಿದೆ? ಮಾರು. ಹನ್ನೊಂದು ಮರವನ್ನೂ ಬಿಟ್ಟುಕೊಟ್ಟಿದ್ದೇನೆ. ಈ ಪತ್ರದ ಹಿಂದೆ ಸಹಿ ಹಾಕಿದ್ದೇನೆ, ಹೆಬ್ಬೆಟ್ಟೂ ಒತ್ತಿದ್ದೇನೆ, ಸಾಕ್ಷಿಗೆ ನಮ್ಮೂರಿನ ಅಜ್ಜ ಆಮಾ ಬೋಲಿ ರುಜು ಹಾಕಿದ್ದಾರೆ. ಅವರು ಇಲ್ಲಿಗೆ ಬಂದು ಐವತ್ತು ವರ್ಷವಾಯಿತಂತೆ. ಈಗಲೂ ಊರಿನ ಸುದ್ದಿ ಬಂದರೆ ಮೊದಲು ಅವರಿಗೆ ಓದಿ ಹೇಳಬೇಕು, ಇಲ್ಲದಿದ್ದರೆ ಮುನಿಸು.

ತಗಡು ಹಾಕಿಸು, ಒಳ್ಳೆಯ ದಪ್ಪದ್ದೇ ಹಾಕಿಸು. ಮಳೆ ಬಿದ್ದಾಗ ಜೋರು ಸದ್ದು ಬರುತ್ತದೆ, ಮೊದಲು ಹೆದರಿಕೆಯಾಗುತ್ತದೆ, ಆಮೇಲೆ ಅಭ್ಯಾಸ. ನಾವು ಚೆನ್ನಾಗಿದ್ದೇವೆ. ಬಿಸಿಲು ಜಾಸ್ತಿ. ಗೊನೆ ಕೊಯ್ಯುವ ಕೆಲಸ ಬಿಟ್ಟು ಈಗ ಉದುರಿದ ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತೇನೆ, ಬೆನ್ನಿಗೆ ಹಗುರ.

ಕೆವಾ

*

ಲೆವೊಕೆಬಾ, 9 ಜುಲೈ 1996

ಮಾನ್ಯ ಒಡತಿಯವರೇ (ಆಡುಗಳಿಗೆ ನಮಸ್ಕಾರ ಆಮೇಲೆ),

ನಿನ್ನ ಪತ್ರ ತಲುಪಿತು. ಹೆಬ್ಬೆಟ್ಟಿನ ಪಕ್ಕದಲ್ಲಿ ಚಿಕ್ಕದೊಂದು ಗುರುತಿದೆ. ಕಿರುಬೆರಳನ್ನೂ ಒತ್ತಿದೆಯಾ? ಸರ್ಕಾರ ಕಿರುಬೆರಳು ಕೇಳುವುದಿಲ್ಲ, ಅದನ್ನು ಕುಣಿತಕ್ಕೆ ಇಟ್ಟುಕೊ.

ಒಂದು ತೊಡಕು ಎದ್ದಿದೆ. ಮರವನ್ನು ಕಾಗದದ ಮೇಲೆ ಬಿಟ್ಟರೆ ಬಿಟ್ಟಂತಲ್ಲ. ನೀನು ಹದಿನೆಂಟಕ್ಕೇ ಊರು ಬಿಟ್ಟವಳು, ಇಂಥದ್ದೆಲ್ಲ ನೋಡಿರಲಿಕ್ಕಿಲ್ಲ. ನೀರು ಹೊತ್ತು ಬೆಳೆಸಿದವಳೇ ಬಂದು, ಒಂದೊಂದು ಮರದ ಮೇಲೂ ಅಂಗೈ ಇಟ್ಟು, ಬಾಯಿಬಿಟ್ಟು 'ಬಿಟ್ಟೆ' ಅನ್ನಬೇಕು. ಅಲ್ಲಿಯವರೆಗೆ ಆ ನೆಲವನ್ನು ಮಾರುವ ಹಾಗಿಲ್ಲ. ಮಾರಿದರೆ ಕೊಂಡವನಿಗೂ ಆಗಿಬರುವುದಿಲ್ಲ, ಕೊಟ್ಟವನಿಗೂ ಆಗಿಬರುವುದಿಲ್ಲ. ಕಟ್ಟಳೆಯ ಪುಸ್ತಕ ಬರೆದಿಡುವವನು ನಾನೇ ಆದ್ದರಿಂದ ಕಣ್ಣು ಮುಚ್ಚಿಕೊಳ್ಳಲಿಕ್ಕೂ ಬರುವುದಿಲ್ಲ.

ಆಮಾ ಲಾಗಾ ಅವರ ಹತ್ತಿರವೂ ಕೇಳಿದೆ. ಅವರ ಕಿವಿಗೆ ಬಾಯಿಟ್ಟು, "ಒಡತಿ ಬರಲೇಬೇಕಲ್ವಾ ಆಮಾ?" ಅಂತ ಕೂಗಿದೆ.

"ಹೂಂ, ಜೋಳ ಈ ಸಲ ಸಣ್ಣದೇ" ಅಂದು ತಲೆಯಾಡಿಸಿದರು.

ತಲೆಯಾಡಿಸಿದ್ದನ್ನು ದಾಖಲೆ ಮಾಡಿಕೊಂಡಿದ್ದೇನೆ.

ಕಂಪನಿಯವರು ಕಾಯುತ್ತಾರಂತೆ. ಒಮ್ಮೆ ಬಂದು ಹೋಗು. ನಿನ್ನ ಕೋಣೆಯಲ್ಲಿ ಜೋಳದ ತೆನೆ ತೂಗುಹಾಕಿದ್ದೆ, ಅದನ್ನೆಲ್ಲ ತೆಗೆದು ಗುಡಿಸಿಟ್ಟಿದ್ದೇನೆ. ಬರುತ್ತೀಯ ಅಂತಲ್ಲ, ಇಲಿ ಜಾಸ್ತಿಯಾಗಿತ್ತು.

ಅಂದಹಾಗೆ, ಇರುವುದು ಒಬ್ಬಳೇ, ಬರೆಯುವುದು 'ನಾವು ಚೆನ್ನಾಗಿದ್ದೇವೆ'. ಜಿಲ್ಲಾಧಿಕಾರಿ ಆದೆಯಾ?

ಬಂದು ಹೋಗು ಒಂದು ಸಾರಿ,
ಕಡಲಿಗೇನು, ಅದೂ ದಾರಿ.

ಸುಬಾನ್

*

ತವಾವು, 1 ಸೆಪ್ಟೆಂಬರ್ 1996

ಅಣ್ಣ,

ಇಂಥ ಕಟ್ಟಳೆ ನಾನು ಕೇಳಿಯೇ ಇರಲಿಲ್ಲ. ಅನುಮಾನ ಬಂದು ಆಮಾ ಬೋಲಿಯನ್ನು ಕೇಳಿದೆ. ಕೇಳಿದ ತಕ್ಷಣ ಅವರು ತೊಡೆ ತಟ್ಟಿಕೊಂಡರು.

"ಹೌದೌದು! ನಮ್ಮಜ್ಜಿ ಹಂಗೇ ಮಾಡಿದ್ಳು, ನಾನೇ ಕಣ್ಣಾರೆ ನೋಡಿದೀನಿ! ಬರೀ ಅಂಗೈ ಇಟ್ರೆ ಸಾಲ್ದು ಮಗಳೇ. ದಡದಿಂದ ಬರಿಗಾಲಲ್ಲಿ ಬರ್ಬೇಕು. ಕೆಂಪು ಹುಂಜ ಹಿಡ್ಕೊಂಡಿರ್ಬೇಕು. ಕೊನೇ ಮರ ಮುಟ್ಟೋ ತನಕ ಒಂದು ತೊಟ್ಟು ನೀರು ಕುಡೀಬಾರ್ದು."

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ, "ಕೆಂಪಲ್ಲ, ಕಪ್ಪು ಹುಂಜ" ಅಂದಳು.

"ನಿಂಗೇನ್ ಗೊತ್ತೇ? ನೀನು ಆ ಊರು ನೋಡಿದೀಯಾ?"

"ನಲವತ್ತು ವರ್ಷದಿಂದ ನಿಮ್ಮ ಬಾಯಲ್ಲಿ ಅದನ್ನೇ ಕೇಳಿ ಕೇಳಿ, ನೋಡಿದ್ದಕ್ಕಿಂತ ಜಾಸ್ತಿ ಆಗಿದೆ!"

ಇಬ್ಬರಿಗೂ ಜಗಳ ಹತ್ತಿಕೊಂಡಿತು. ನಾನು ಎದ್ದು ಬಂದೆ. ಕೊನೆಗೆ ಕೆಂಪೇ ಎಂದು ತೀರ್ಮಾನವಾಗಿದೆ, ಹೇಳಿ ಕಳಿಸಿದ್ದಾರೆ.

ಆದರೆ ಅಣ್ಣ, ಈಗ ಬರಲಿಕ್ಕಾಗುವುದಿಲ್ಲ. ಇಲ್ಲಿ ಕೊಯ್ಲಿನ ಕಾಲ, ರಜೆ ಕೇಳಿದರೆ ಮೇಸ್ತ್ರಿ ಬೈಯುತ್ತಾನೆ. ಬೇರೆ ತೊಂದರೆಯೂ ಇದೆ, ಪತ್ರದಲ್ಲಿ ಬರೆಯುವಂಥದ್ದಲ್ಲ. ನನ್ನ ಬದಲು ಇನ್ಯಾರಾದರೂ ಮುಟ್ಟಿದರೆ ನಡೆಯುವುದಿಲ್ಲವೇ? ಪುಸ್ತಕದಲ್ಲಿ ನೋಡಿ ತಿಳಿಸು. ಆ ನೆಲ ಮಾರಿದರೆ ನಿನ್ನ ಒದ್ದಾಟ ತಪ್ಪುತ್ತದೆ ಅಂತ ದಿನಾ ಅಂದುಕೊಳ್ಳುತ್ತೇನೆ. ಸೋರುವ ಮನೆಯಲ್ಲಿ ನೀನು ಪಾತ್ರೆ ಇಟ್ಟುಕೊಂಡು ಕೂತಿರುವುದು ಕಣ್ಣಿಗೆ ಬರುತ್ತದೆ.

'ನಾವು' ಅಂದರೆ ತೋಟದ ಲೈನಿನ ಮನೆಗಳವರು. ಎಲ್ಲರೂ ಒಟ್ಟಿಗೇ ಇರುತ್ತೇವೆ.

ಕೆವಾ

*

ಲೆವೊಕೆಬಾ, 6 ಅಕ್ಟೋಬರ್ 1996

ತಂಗಿ,

ಆಮಾ ಬೋಲಿಯ ನೆನಪಿನ ಶಕ್ತಿಗೆ ಗ್ರಾಮದ ಪರವಾಗಿ ಅಭಿನಂದನೆ. ಹುಂಜದ ವಿಷಯ ನನಗೂ ಹೊಸದು. ಪುಸ್ತಕದಲ್ಲಿ ಸೇರಿಸಿಕೊಂಡಿದ್ದೇನೆ.

ಬದಲಿಯವರು ಮುಟ್ಟಿದರೆ ನಡೆಯುವುದಿಲ್ಲ. ನೋಡಿದೆ. ಎರಡು ಸಲ ನೋಡಿದೆ.

ನಮ್ಮೂರಲ್ಲಿ ಎಲ್ಲ ಕ್ಷೇಮ. ಬಾಲಾನ ಹೆಂಡತಿ ಮಕ್ಕಳೂ ಅವನ ಹಿಂದೆ ಹೋದರು, ಅವನು ಮಾತ್ರ ಇಲ್ಲಿಗೂ ಅಲ್ಲಿಗೂ ಸಾಮಾನು ಹೊರುತ್ತ ಓಡಾಡಿಕೊಂಡಿದ್ದಾನೆ. ಆದ್ದರಿಂದ ಹೊಗೆ ಏಳುವುದು ಈಗ ಎಂಟರಲ್ಲಿ. ಕೀಲಿ ಹಾಕಿದ ಮನೆಗಳವರೆಲ್ಲ ಕೀಲಿಕೈ ನನ್ನ ಹತ್ತಿರವೇ ಕೊಟ್ಟುಹೋಗಿದ್ದಾರೆ. ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ದೊಡ್ಡ ಜಮೀನ್ದಾರನ ಹಾಗೆ ಸದ್ದಾಗುತ್ತದೆ. ಊರಿನ ಮುಕ್ಕಾಲು ಆಸ್ತಿ ನನ್ನ ವಶದಲ್ಲಿದೆ, ನೋಡು.

ಕಂಪನಿಯವರು ಫೆಬ್ರವರಿಯವರೆಗೆ ಕಾಯುವುದಾಗಿ ಹೇಳಿ ಕಳಿಸಿದ್ದಾರೆ. ಆಮೇಲೆ ಪಕ್ಕದ ಕೊಲ್ಲಿಗೆ ಹೋಗಿಬಿಡುತ್ತಾರಂತೆ. ನಿನ್ನ ಮೇಸ್ತ್ರಿಗೆ ಹೇಳು, ಅಣ್ಣ ಸತ್ತನೆಂದು ರಜೆ ಕೇಳು. ಸಾಯಲು ನನ್ನ ಅಭ್ಯಂತರವಿಲ್ಲ, ರಜೆ ಸಿಗುವಷ್ಟು ದಿನ ಸತ್ತಿರುತ್ತೇನೆ.

ಸುಬಾನ್

*

ಲೆವೊಕೆಬಾ, 30 ನವೆಂಬರ್ 1996

ಕೆವಾ,

ಎರಡು ಹಡಗು ಬಂದು ಹೋದವು. ನಿನ್ನ ಪತ್ರ ಇರಲಿಲ್ಲ. ದಾರಿಯಲ್ಲಿ ತಪ್ಪಿರಬೇಕು. ಹಾಗೆಯೇ ನಾನು ಹಿಂದೆ ಬರೆದದ್ದೂ ತಪ್ಪಿರಬಹುದೆಂದು ಮತ್ತೆ ಬರೆಯುತ್ತಿದ್ದೇನೆ.

ತೀರಿಕೊಂಡವರ ಹಬ್ಬದ ದಿನ ಅಪ್ಪ ಅಮ್ಮನ ಗೋರಿಗೆ ಮೇಣದಬತ್ತಿ ಹಚ್ಚಿದೆ. ಪಕ್ಕದ ಗೋರಿಯವರಿಗೆ ಊರಲ್ಲಿ ಯಾರೂ ಇಲ್ಲ, ಅವರಿಗೂ ಒಂದು ಹಚ್ಚಿದೆ. ಅದರ ಪಕ್ಕದವರನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಹಾಗೆಯೇ ಹಚ್ಚುತ್ತ ಹೋಗಿ ಮೂರನೇ ಸಾಲಿಗೆ ಬತ್ತಿ ಮುಗಿಯಿತು. ಉಳಿದವರಿಗೆ ಕ್ಷಮೆ ಕೇಳಿ ಬಂದೆ. ಊರಲ್ಲೀಗ ಅವರದೇ ಬಹುಮತ. ಸಭೆಯಲ್ಲಿ ಗಲಾಟೆ ಮಾಡುವುದಿಲ್ಲ, ಒಳ್ಳೆಯ ಜನ.

ನಿನ್ನ ಕೋಣೆಯನ್ನು ಇನ್ನೊಮ್ಮೆ ಗುಡಿಸಿದೆ.

ಪ್ರಾಸ ಸಿಗಲಿಲ್ಲ ಈ ಸಲ.

ಅಣ್ಣ

*

ತವಾವು, 12 ಜನವರಿ 1997

ಅಣ್ಣ,

ನಿನ್ನ ಪತ್ರ ತಪ್ಪಿಲ್ಲ. ಎರಡೂ ಬಂದಿವೆ. ಬರೆಯಲಿಕ್ಕಾಗದೆ ಸುಮ್ಮನಿದ್ದೆ. ಈಗ ಎಲ್ಲವನ್ನೂ ಬರೆಯುತ್ತೇನೆ, ಕೂತುಕೊಂಡು ಓದು.

'ನಾವು' ಅಂದರೆ ಲೈನಿನವರಲ್ಲ. ನಾನು, ನನ್ನ ಗಂಡ, ನಮ್ಮ ಮಗಳು. ಮಗಳಿಗೆ ಐದು ವರ್ಷ. ಬಾರೆಕ್ ಅಂತ ಅಮ್ಮನ ಹೆಸರೇ ಇಟ್ಟಿದ್ದೇನೆ. ನೀನು ಕಿರುಬೆರಳು ಅಂದುಕೊಂಡೆಯಲ್ಲ, ಅದು ಅವಳ ಹೆಬ್ಬೆಟ್ಟು. ನಾನು ಒತ್ತಿದ್ದನ್ನು ನೋಡಿ, ನಾನು ತಡೆಯುವುದರೊಳಗೆ ಒತ್ತಿಬಿಟ್ಟಳು. ಗಂಡನ ಹೆಸರು ಮನ್ಸೂರ್, ಬುಗಿಸ್ ಜನ, ಲಾರಿ ಓಡಿಸುತ್ತಾನೆ. ಅವನು ಮಸೀದಿಗೆ ಹೋಗುವವನು, ನೀನು ಊರಿನ ಪ್ರಾರ್ಥನೆ ನಡೆಸುವವನು. ಮೊದಲ ವರ್ಷ ಹೇಳಲು ಹೆದರಿದೆ. ಆಮೇಲೆ ಹೇಳದೇ ಇದ್ದದ್ದಕ್ಕೆ ಹೆದರಿದೆ.

ಇನ್ನೊಂದು. ನನ್ನ ಹತ್ತಿರ ಕಾಗದಪತ್ರ ಏನೂ ಇಲ್ಲ. ಏಳು ವರ್ಷದ ಹಿಂದೆ ಪರವಾನಗಿಯ ಅವಧಿ ಮುಗಿಯಿತು. ಹಡಗಿನಲ್ಲಿ ಬರುವ ಹಾಗಿಲ್ಲ. ಸಣ್ಣ ದೋಣಿಯಲ್ಲಿ ಕದ್ದು ಗಡಿಯಾಚೆಯ ನುನುಕಾನ್ ದ್ವೀಪಕ್ಕೆ ದಾಟಿ, ಅಲ್ಲಿಂದ ಹಡಗು ಹಿಡಿಯಬೇಕು. ಬರುವುದು ಹೇಗೋ ಆಗುತ್ತದೆ. ವಾಪಸು ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ತಾಯಿ ಸತ್ತಳೆಂದು ಹೋದ ಹೆಂಗಸೊಬ್ಬಳು ಇನ್ನೂ ಬಂದಿಲ್ಲ. ಅವಳ ಮಕ್ಕಳು ನಮ್ಮ ಪಕ್ಕದ ಮನೆಯಲ್ಲೇ ಇವೆ.

ಆದರೂ ಬರುತ್ತಿದ್ದೇನೆ. ಮಾರ್ಚ್ ಮೂರನೇ ತಾರೀಖಿನ ದೋಣಿಗೆ ಹೇಳಿದ್ದೇನೆ. ಕಂಪನಿಯವರು ಹೋಗಿಬಿಡದಂತೆ ಎರಡು ವಾರ ತಡೆದು ನಿಲ್ಲಿಸು.

ಮನ್ಸೂರ್ ಕೇಳಿದ, "ಮರ ಮುಟ್ಟೋಕೆ ಅಷ್ಟು ದೂರ ಹೋಗ್ಬೇಕಾ? ಅದೂ ಈ ಗಾಳೀಲಿ?"

"ನಮ್ಮೋರ ಕಟ್ಟಳೆ ನಿಂಗೆ ಅರ್ಥ ಆಗಲ್ಲ" ಅಂದೆ.

"ಅರ್ಥ ಮಾಡ್ಸು ಮತ್ತೆ."

"ನಂಗೂ ಪೂರ್ತಿ ಗೊತ್ತಿಲ್ಲ ಕಣೋ. ಅಣ್ಣ ಸುಮ್‌ಸುಮ್ನೆ ಬರಿಯೋನಲ್ಲ."

ಮಾರನೇ ದಿನ ಎಲ್ಲಿಂದಲೋ ಒಂದು ಕೆಂಪು ಹುಂಜ ತಂದು ಅಂಗಳದಲ್ಲಿ ಕಟ್ಟಿದ್ದಾನೆ. ದೋಣಿಯಲ್ಲಿ ಹುಂಜ ಬಿಡುತ್ತಾರೋ ಇಲ್ಲವೋ ವಿಚಾರಿಸುತ್ತಿದ್ದಾನೆ.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟುಬರುತ್ತೇನೆ. ಹದಿನೈದು ದಿನ ಅಂತ ಹೇಳಿದ್ದೇನೆ. ಅವಳಿಗೆ ಹತ್ತರವರೆಗೆ ಎಣಿಸಲು ಬರುತ್ತದೆ, ಉಳಿದ ಐದನ್ನು ಈಗ ಕಲಿಯುತ್ತಿದ್ದಾಳೆ.

ಬೇಜಾರು ಮಾಡಿಕೊಳ್ಳಬೇಡ ಅಣ್ಣ. ಒಂಬತ್ತು ವರ್ಷದಲ್ಲಿ ನೀನು ನನ್ನಿಂದ ಏನನ್ನೂ ಕೇಳಿಲ್ಲ. ಈಗ ಕೇಳಿದ್ದು ಮರದ ಮೇಲೆ ಅಂಗೈ ಇಡು ಅಂತ. ಅದನ್ನೂ ಮಾಡದಿದ್ದರೆ ನಾನೆಂಥ ತಂಗಿ?

ಕೆವಾ

*

ಲೆವೊಕೆಬಾ, 8 ಫೆಬ್ರವರಿ 1997

ಮಾನ್ಯ ಮಹಾಜನರೇ, ಕುಲದ ಹಿರಿಯರೇ, ಐದು ವರ್ಷ ತಡವಾಗಿ ಸೋದರಮಾವನ ಪದವಿಗೆ ಏರಿರುವ ಈ ಗುಮಾಸ್ತನ ವರದಿಯನ್ನು ತಾವೆಲ್ಲರೂ

ಕೆವಾ.

ಇಲ್ಲ, ಹಾಗೆ ಬರೆಯಲಾಗುವುದಿಲ್ಲ. ನಿನ್ನ ಪತ್ರ ನಿನ್ನೆ ಕೈಸೇರಿತು. ಗಾಳಿಯಿಂದ ಹಡಗು ಹನ್ನೆರಡು ದಿನ ತಡ. ಬಾಲಾ ಈಗ ವಾಪಸು ಹೊರಟಿದ್ದಾನೆ, ದಡದಲ್ಲಿ ನಿಂತು "ಸುಬಾನ್, ಬರ್ದಾಯ್ತಾ ಇಲ್ವಾ? ದೋಣಿ ಬಿಡ್ತಾ ಅವ್ರೆ!" ಅಂತ ಕೂಗುತ್ತಿದ್ದಾನೆ. ಹಡಗು ಹಿಡಿದರೆ ಇಪ್ಪತ್ತನಾಲ್ಕಕ್ಕೆ ತವಾವು ಮುಟ್ಟುತ್ತಾನೆ. ಇದನ್ನು ನಿನ್ನ ಕೈಯಲ್ಲೇ ಕೊಡಬೇಕು, ನೀನು ಸಿಗದಿದ್ದರೆ ಮನ್ಸೂರ್ ಕೈಯಲ್ಲಿ ಕೊಡಬೇಕು ಅಂತ ಅವನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಮನ್ಸೂರ್, ನೀವು ಓದುತ್ತಿದ್ದರೆ ಅವಳನ್ನು ದೋಣಿ ಹತ್ತಲು ಬಿಡಬೇಡಿ.

ಮರದ ಮೇಲೆ ಅಂಗೈ ಇಟ್ಟು ಬಿಡುವ ಕಟ್ಟಳೆ ನಮ್ಮಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ಅದನ್ನು ನಾನು ಬರೆದೆ, ಆಮಾ ಬೋಲಿ ನೆನಪು ಮಾಡಿಕೊಂಡರು, ಅಷ್ಟೇ.

ಕಂಪನಿಯೂ ಇಲ್ಲ. ಇಲ್ಲಿ ಅಲೆ ಹೆಚ್ಚು, ಚಿಪ್ಪು ನಿಲ್ಲುವುದಿಲ್ಲ ಅಂದು ಜೂನ್‌ನಲ್ಲೇ ಬೇಡವೆಂದು ಹೋದರು. ನಿನ್ನ ಒಪ್ಪಿಗೆ ಬರುವ ಹೊತ್ತಿಗೆ ಅವರು ಹೋಗಿ ಮೂರು ವಾರವಾಗಿತ್ತು. ಆಮೇಲೆ ಈ ನೆಲವನ್ನು ಕೇಳಿಕೊಂಡು ಯಾರೂ ಬಂದಿಲ್ಲ, ಬರುವುದೂ ಇಲ್ಲ. ಅದನ್ನು ಬರೆದುಬಿಟ್ಟರೆ ನಿನಗೆ ಬರೆಯಲು ನನ್ನ ಹತ್ತಿರ ಬೇರೆ ವಿಷಯವೇ ಇರಲಿಲ್ಲ.

ಬಾಲಾ ಊರಲ್ಲಿಲ್ಲದಾಗ ಇಡೀ ದಿನ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ ಕೆವಾ. ಆಮಾ ಲಾಗಾ ನನ್ನನ್ನು ಅಪ್ಪ ಅಂದುಕೊಂಡು ಅಪ್ಪನ ಹೆಸರಲ್ಲೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ.

ನೀನು ಬರಬೇಕು ಅಂತ ಇತ್ತು. ಅದಕ್ಕೇ ಸುಳ್ಳು ಹೇಳಿದೆ.

ಬರಬೇಡ.

ಸುಬಾನ್